ಕೆಲವು ವೆಬ್ ಪುಟಗಳನ್ನು ಮೊಬೈಲ್‌ನಲ್ಲಿ ಎಳೆದೆಳೆದು ಓದಬೇಕು, ಏಕೆ?

ಯಾರೋ ಕಳಿಸಿದ ಲಿಂಕ್ ಒತ್ತುತ್ತೀರಿ. ಪುಟ ತೆರೆಯುತ್ತದೆ, ಆದರೆ ಅಕ್ಷರಗಳು ಇರುವೆ ಸಾಲಿನಷ್ಟು ಸಣ್ಣ. ಎರಡು ಬೆರಳಿನಿಂದ ಹಿಗ್ಗಿಸಿದರೆ ಸಾಲುಗಳು ಪರದೆಯಾಚೆ ಹೋಗುತ್ತವೆ. ಪ್ರತಿ ಸಾಲಿಗೂ ಪುಟವನ್ನು ಅತ್ತ ಇತ್ತ ಎಳೆಯಬೇಕು. 'ನನ್ನ ಫೋನೇ ಹಳೆಯದು' ಎಂದುಕೊಳ್ಳುವವರೇ ಹೆಚ್ಚು. ಆದರೆ ಬಹಳ ಸಲ ತೊಂದರೆ ಇರುವುದು ಫೋನಿನಲ್ಲಲ್ಲ, ಪುಟವನ್ನು ಕಟ್ಟಿದ ರೀತಿಯಲ್ಲಿ.

ಟೇಬಲ್ ಬಂದಿದ್ದು ಎಲ್ಲಿಂದ?

ವೆಬ್ ಪುಟಗಳನ್ನು ಬರೆಯುವ ಎಚ್‌ಟಿಎಂಎಲ್‌ನಲ್ಲಿ 'ಟೇಬಲ್' ಇರುವುದು ಅಂಕಪಟ್ಟಿ, ಬಸ್ ವೇಳಾಪಟ್ಟಿಯಂಥ ಮಾಹಿತಿಗಾಗಿ. 1990ರ ದಶಕದಲ್ಲಿ ಪುಟವನ್ನು ಪತ್ರಿಕೆಯಂತೆ ಕಾಲಂಗಳಾಗಿ ಜೋಡಿಸಲು ಬೇರೆ ಸುಲಭ ದಾರಿ ಇರಲಿಲ್ಲ. ಹಾಗಾಗಿ ಇಡೀ ಪುಟವನ್ನೇ ಗೆರೆ ಕಾಣದ ಟೇಬಲ್ ಮಾಡಿ, ಒಂದು ಮನೆಯಲ್ಲಿ ಮೆನು, ಇನ್ನೊಂದರಲ್ಲಿ ಬರಹ ಇಡುತ್ತಿದ್ದರು.

ಇದಕ್ಕೆ ಪರಿಹಾರ ಸ್ಟೈಲ್‌ಶೀಟ್, ಅಂದರೆ ಸಿಎಸ್‌ಎಸ್. ಹೋಕನ್ ವಿಯುಮ್ ಲೀ 1994ರಲ್ಲಿ ಇದರ ಪ್ರಸ್ತಾಪ ಮುಂದಿಟ್ಟರು. 1996ರ ಡಿಸೆಂಬರ್‌ನಲ್ಲಿ ಅದು ಅಧಿಕೃತ ಶಿಫಾರಸಾಯಿತು. ಆದರೆ ಅಂದಿನ ಬ್ರೌಸರ್‌ಗಳು ಅದನ್ನು ಸರಿಯಾಗಿ ಪಾಲಿಸದ ಕಾರಣ ಹಳೇ ಅಭ್ಯಾಸವೇ ಮುಂದುವರಿಯಿತು.

ವ್ಯತ್ಯಾಸ ಏನು?

ಟೇಬಲ್‌ನ ಮನೆಗಳು ಪಕ್ಕಪಕ್ಕದಲ್ಲೇ ಕೂರುತ್ತವೆ, ಪರದೆ ಎಷ್ಟೇ ಚಿಕ್ಕದಿರಲಿ. ಸಿಎಸ್‌ಎಸ್‌ನಲ್ಲಿ ಬರಹ ಬೇರೆ, ಜೋಡಣೆ ಬೇರೆ. ಕಂಪ್ಯೂಟರ್‌ನಲ್ಲಿ ಮೂರು ಕಾಲಂ ಇರುವ ಪುಟವೇ ಫೋನಿನಲ್ಲಿ ಒಂದರ ಕೆಳಗೊಂದು ಬರುವಂತೆ ಮಾಡಬಹುದು.

ಕಣ್ಣು ಕಾಣದವರಿಗೆ ಇದು ಇನ್ನೂ ಮುಖ್ಯ. ಟಾಕ್‌ಬ್ಯಾಕ್‌ನಂಥ ತಂತ್ರಾಂಶಗಳು ಪುಟವನ್ನು ಓದಿ ಹೇಳುತ್ತವೆ. ಜೋಡಣೆಗೆ ಟೇಬಲ್ ಬಳಸಿದ್ದರೆ ಓದುವ ಕ್ರಮ ಅಡ್ಡಾದಿಡ್ಡಿಯಾಗಿ, ಒಂದು ಸುದ್ದಿಯ ನಡುವೆ ಇನ್ನೊಂದು ನುಸುಳಬಹುದು.

ಹಾಗಾದರೆ ಟೇಬಲ್ ಬಳಸಲೇಬಾರದೆ?

ಇದೂ ಒಂದು ತಪ್ಪು ಕಲ್ಪನೆ. ಪ್ರತಿ ಕಾಲಂಗೆ ಅಥವಾ ಸಾಲಿಗೆ ಒಂದು ಹೆಸರು ಕೊಡಲು ಆಗುತ್ತದೆಯೇ ಎಂದು ಕೇಳಿಕೊಳ್ಳಿ. 'ವಿಷಯ, ಅಂಕ, ಫಲಿತಾಂಶ' ಎಂದು ಹೆಸರಿಡಬಹುದಾದರೆ ಅಲ್ಲಿ ಟೇಬಲ್ಲೇ ಸರಿ. ಆಗ ಓದುವ ತಂತ್ರಾಂಶ 'ಗಣಿತ, ಅಂಕ, 72' ಎಂದು ಹೊಂದಿಸಿ ಹೇಳಬಲ್ಲದು. ಚೆಂದಕ್ಕಾಗಿ ಪಕ್ಕಪಕ್ಕ ಇಡುವುದಷ್ಟೇ ಉದ್ದೇಶವಾದರೆ ಸಿಎಸ್‌ಎಸ್ ಸಾಕು. 2017ರಿಂದ ಪ್ರಮುಖ ಬ್ರೌಸರ್‌ಗಳಲ್ಲಿ ಬಂದ 'ಗ್ರಿಡ್' ಸೌಲಭ್ಯದಿಂದ ಈ ಕೆಲಸ ಸುಲಭವಾಗಿದೆ.

ಒಂದು ವಿನಾಯಿತಿ ಇಮೇಲ್. ವಿಂಡೋಸ್‌ನ ಔಟ್‌ಲುಕ್ 2007ರ ಆವೃತ್ತಿಯಿಂದ ಇಮೇಲ್ ತೋರಿಸಲು ವರ್ಡ್‌ನ ವ್ಯವಸ್ಥೆ ಬಳಸತೊಡಗಿತು. ಅದಕ್ಕೆ ಸಿಎಸ್‌ಎಸ್‌ನ ಅನೇಕ ಸೌಲಭ್ಯಗಳು ಅರ್ಥವಾಗುವುದಿಲ್ಲ. ಆದ್ದರಿಂದ ಅಲ್ಲಿ ಟೇಬಲ್ ಜೋಡಣೆ ಉಳಿದುಕೊಂಡಿತು.

ನೀವೇನು ಮಾಡಬಹುದು?

ಅಂಗಡಿಗೋ ಸಂಘಕ್ಕೋ ವೆಬ್‌ಸೈಟ್ ಮಾಡಿಸುತ್ತಿದ್ದರೆ, ಹಣ ಕೊಡುವ ಮುನ್ನ ಫೋನಿನಲ್ಲಿ ತೆರೆದು ನೋಡಿ. ಟಾಕ್‌ಬ್ಯಾಕ್ ಹಾಕಿ ಒಮ್ಮೆ ಕೇಳಿ. ಪಟ್ಟಿಯನ್ನು ಫೋಟೋ ಮಾಡಿ ಗ್ರೂಪಿಗೆ ಕಳಿಸುವಾಗ ಜೊತೆಗೆ ಲಿಂಕನ್ನೂ ಹಾಕಿ. ನೋಡಲಾಗದವರಿಗೂ ಅದು ತಲುಪಲಿ.