ತಲೆ ದೊಡ್ಡದಿದ್ರೆ ಬುದ್ಧಿ ಜಾಸ್ತಿನಾ?



ವಾರ್ಷಿಕೋತ್ಸವದ ನಾಟಕದಲ್ಲಿ ನನಗೆ ರಾಜನ ಪಾತ್ರ ಸಿಕ್ಕಿತ್ತು. ರಟ್ಟಿನ ಕಿರೀಟ ಇಟ್ಟುಕೊಂಡರೆ ಅದು ಮೂಗಿನ ತನಕ ಇಳಿದುಬಿಟ್ಟಿತು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಒಬ್ಬ, "ಇವನ ಬುರುಡೆನೇ ಚಿಕ್ಕದು ಕಣ್ರೋ, ಅದಕ್ಕೇ ಲೆಕ್ಕ ತಲೆಗೆ ಹತ್ತಲ್ಲ" ಅಂದ. ಅವತ್ತಿನಿಂದ ನನ್ನ ಹೆಸರು ಸಣ್ಣಬುರುಡೆ. ಈ ಮಾತು ತಪ್ಪು ಎಂಬುದು ನನ್ನ ಅಭಿಪ್ರಾಯ. ಸಿಟ್ಟಿಗೆ ಹೇಳುತ್ತಿಲ್ಲ, ಕಾರಣ ಕೊಡುತ್ತೇನೆ.

ಮಾನವನ ವಿಕಾಸ ಓದಿದರೆ ಮೊದಲು ಅವನು ಹೇಳಿದ್ದೇ ಸರಿ ಅನ್ನಿಸುತ್ತೆ. 1974ರಲ್ಲಿ ಆಫ್ರಿಕಾದ ಇಥಿಯೋಪಿಯಾ ದೇಶದಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತು. ಅದಕ್ಕೆ ಲೂಸಿ ಎಂದು ಹೆಸರಿಟ್ಟರು. ಅವಳು ಸುಮಾರು 32 ಲಕ್ಷ ವರ್ಷ ಹಿಂದಿನವಳು. ನಮ್ಮ ಹಾಗೆ ಎರಡು ಕಾಲಲ್ಲಿ ನಡೀತಿದ್ದಳು. ಆದರೆ ಅವಳ ಪ್ರಭೇದದವರ ಮೆದುಳು ಹೆಚ್ಚೂಕಡಿಮೆ ಅರ್ಧ ಲೀಟರಿನಷ್ಟು. ನಮ್ಮದು ಸುಮಾರು 1350 ಮಿಲಿಲೀಟರ್! ಲಕ್ಷಾಂತರ ವರ್ಷಗಳಲ್ಲಿ ಮೆದುಳು ದೊಡ್ಡದಾಗುತ್ತಾ ಬಂತು, ಕಲ್ಲಿನ ಆಯುಧ, ಬೆಂಕಿ, ಮಾತು ಎಲ್ಲಾ ಬಂದವು. ಇದನ್ನು ನಾನು ಒಪ್ಪುತ್ತೇನೆ.

ಆದರೆ ಯೂರೋಪಿನಲ್ಲಿದ್ದ ನಿಯಾಂಡರ್ತಲ್ ಮಾನವರ ಮೆದುಳು ನಮ್ಮಷ್ಟೇ ಇತ್ತು, ಕೆಲವರದ್ದು ನಮಗಿಂತ ದೊಡ್ಡದೇ. ಅವರು ಸುಮಾರು 40 ಸಾವಿರ ವರ್ಷಗಳ ಹಿಂದೆ ಇಲ್ಲವಾದರು. ದೊಡ್ಡ ತಲೆ ಅವರನ್ನು ಉಳಿಸಲಿಲ್ಲ. 2003ರಲ್ಲಿ ಇಂಡೋನೇಷ್ಯಾದ ಫ್ಲೋರೆಸ್ ದ್ವೀಪದ ಗುಹೆಯೊಂದರಲ್ಲಿ ಪುಟ್ಟ ಮಾನವರ ಮೂಳೆಗಳು ಸಿಕ್ಕವು. ಎತ್ತರ ಮೂರೂವರೆ ಅಡಿ, ಮೆದುಳು 400 ಮಿಲಿಲೀಟರ್ ಚಿಲ್ಲರೆ. ನನ್ನ ಬುರುಡೆ ಅದರ ಮುಂದೆ ಕುಂಬಳಕಾಯಿ! ಆದರೂ ಅದೇ ಗುಹೆಯಲ್ಲಿ ಕಲ್ಲಿನ ಆಯುಧಗಳು ಸಿಕ್ಕಿವೆ. ಇನ್ನು ಆನೆಯ ಮೆದುಳು ಸುಮಾರು ಐದು ಕಿಲೋ ತೂಗುತ್ತದೆ. ಆನೆ ಮಗ್ಗಿ ಹೇಳುತ್ತಾ? ಮಹಾ ವಿಜ್ಞಾನಿ ಐನ್‌ಸ್ಟೀನ್ 1955ರಲ್ಲಿ ತೀರಿಕೊಂಡ ಮೇಲೆ ಅವರ ಮೆದುಳನ್ನು ತೂಗಿದರು. 1230 ಗ್ರಾಂ ಇತ್ತು. ಸಾಮಾನ್ಯ ಗಂಡಸರ ಸರಾಸರಿಗಿಂತ ಕಡಿಮೆ. ಮೆದುಳಿನ ಒಳಗೆ ನರಕೋಶಗಳು ಹೇಗೆ ಒಂದಕ್ಕೊಂದು ಜೋಡಿಕೊಂಡಿವೆ ಎಂಬುದೂ ಮುಖ್ಯ. ಅದು ಹೊರಗಿಂದ ಟೇಪು ಹಿಡಿದರೆ ಗೊತ್ತಾಗಲ್ಲ.

ನನಗೆ ಬೇಜಾರಾದ ಸಂಗತಿ ಬೇರೆ ಇದೆ. ಅಮೆರಿಕದಲ್ಲಿ ಸ್ಯಾಮ್ಯುಯೆಲ್ ಮಾರ್ಟನ್ ಎಂಬ ವೈದ್ಯರಿದ್ದರು. ಬೇರೆ ಬೇರೆ ಜನರ ನೂರಾರು ತಲೆಬುರುಡೆ ಕೂಡಿಹಾಕಿ, ಅವುಗಳಿಗೆ ಕಾಳು ತುಂಬಿ, ಆಮೇಲೆ ಸೀಸದ ಗುಂಡು ತುಂಬಿ ಅಳೆದರು. 1839ರಲ್ಲಿ ಪುಸ್ತಕ ಬರೆದರು. ಬಿಳಿಯರ ಬುರುಡೆ ದೊಡ್ಡದು, ಅದಕ್ಕೇ ಅವರು ಮೇಲು, ಕರಿಯರು ಕೀಳು ಅಂತ ತೀರ್ಮಾನಿಸಿದರು. ಗುಲಾಮರನ್ನು ಇಟ್ಟುಕೊಂಡಿದ್ದವರಿಗೆ ಬೇಕಾಗಿದ್ದೂ ಅದೇ ಮಾತು. ದೊಡ್ಡ ದೇಹದವರಿಗೆ ತಲೆಯೂ ದೊಡ್ಡದಿರುತ್ತೆ, ಅಷ್ಟೂ ಅವರಿಗೆ ಹೊಳೀಲಿಲ್ಲ! ಸೇರು ಬಳ್ಳದಲ್ಲಿ ರಾಗಿ ಅಳೆಯಬಹುದು, ಮನುಷ್ಯರನ್ನಲ್ಲ.

ಲೆಕ್ಕದಲ್ಲಿ ನನಗೆ ಕಡಿಮೆ ಅಂಕ ಬಂದದ್ದು ನಿಜ. ಭಿನ್ನರಾಶಿ ಕಲಿಸುವಾಗ ಜ್ವರ ಬಂದು ಎರಡು ವಾರ ಶಾಲೆಗೆ ಬಂದಿರಲಿಲ್ಲ. ಸಣ್ಣಬುರುಡೆ ಅನ್ನುವವರು ಯಾರಾದರೂ ಅದನ್ನು ಹೇಳಿಕೊಟ್ಟರೆ ಕಲಿಯುತ್ತೇನೆ. ಇನ್ನು ಆ ಕಿರೀಟಕ್ಕೆ ಹಿಂದೆ ಒಂದು ದಾರ ಕಟ್ಟಿದರೆ ಸಾಕು, ಸರಿಯಾಗಿ ಕೂರುತ್ತೆ.