ನೆಲ ಸಮವಾದರೆ ಸಾಕೆ?

1998ರಲ್ಲಿ ಬಂದ ಸ್ಟಾರ್‌ಕ್ರಾಫ್ಟ್ ಆಟದಲ್ಲಿ ಮೂರು ಪಡೆಗಳಿವೆ: ಟೆರ್ರನ್, ಝರ್ಗ್, ಪ್ರೋಟಾಸ್. ಒಂದರ ಸೈನಿಕರು ಇನ್ನೊಂದರಲ್ಲಿಲ್ಲ, ಕಟ್ಟಡ ಕಟ್ಟುವ ಬಗೆ ಕೂಡ ಬೇರೆ ಬೇರೆ. ಸೇನೆಗಳೇ ಸಮವಲ್ಲದ ಮೇಲೆ ನೆಲವಾದರೂ ಸಮವಿರಲಿ ಎಂದು ಆಟಗಾರರು ಪಟ್ಟು ಹಿಡಿಯುವುದರಲ್ಲಿ ಅರ್ಥವಿದೆ. ಸೇನೆಯೂ ಬೇರೆ, ನೆಲವೂ ಬೇರೆ ಎಂದಾದರೆ ಸೋತವನಿಗೆ ತಾನು ಏಕೆ ಸೋತೆ ಎಂದು ತಿಳಿಯುವ ದಾರಿಯೇ ಇರುವುದಿಲ್ಲ. ಏಕೆ ಸೋತೆನೆಂದು ತಿಳಿಯದ ಆಟದಲ್ಲಿ ಕಲಿಯುವುದಕ್ಕೂ ಏನೂ ಉಳಿಯುವುದಿಲ್ಲ. ಹಾಗಾಗಿ ಮ್ಯಾಪ್ ರಚಿಸುವವರು ಒಂದು ಬದಿಯನ್ನು ಚಿತ್ರಿಸಿ, ಅದನ್ನೇ ಮಗುಚಿಯೋ ತಿರುಗಿಸಿಯೋ ಇನ್ನೊಂದು ಬದಿಗೆ ಇಡುತ್ತಾರೆ.

ಆಕಾರ ಒಂದೇ ಆದ ಮಾತ್ರಕ್ಕೆ ಅವಕಾಶವೂ ಒಂದೇ ಆಯಿತೇ? ಆಗಲಿಲ್ಲ ಎಂಬುದಕ್ಕೆ ಸ್ಟಾರ್‌ಕ್ರಾಫ್ಟ್‌ನೊಳಗೇ ಬೇಕಾದಷ್ಟು ಸಾಕ್ಷಿಯಿದೆ. ಝರ್ಗ್ ಪಡೆಯ ಕೆಲಸಗಾರರು ಲಾರ್ವಾಗಳಿಂದ ಹುಟ್ಟುತ್ತಾರೆ, ಆ ಲಾರ್ವಾಗಳು ಹ್ಯಾಚರಿ ಎಂಬ ಕೇಂದ್ರ ಕಟ್ಟಡದ ಕೆಳಬದಿಯಲ್ಲೇ ಹುಟ್ಟುತ್ತವೆ. ಮಿನರಲ್ ಗಣಿ ಕೆಳಗಿದ್ದರೆ ಹೊಸ ಕೆಲಸಗಾರ ಹುಟ್ಟಿದೊಡನೆ ದುಡಿಮೆಗೆ ಇಳಿಯುತ್ತಾನೆ. ಮೇಲಿದ್ದರೆ ಇಡೀ ಕಟ್ಟಡವನ್ನು ಬಳಸಿಕೊಂಡು ಹೋಗಬೇಕು. ಟೆರ್ರನ್ ಕಾರ್ಖಾನೆಗೆ ಜೋಡಿಸುವ ಉಪಕಟ್ಟಡ ಯಾವಾಗಲೂ ಬಲಕ್ಕೇ ಅಂಟಿಕೊಳ್ಳುತ್ತದೆ. ಬಲಕ್ಕೆ ಬಂಡೆಯಿರುವ ಮೂಲೆಯಲ್ಲಿ ಆಡುವವನು ಜಾಗಕ್ಕೆ ತಿಣುಕಾಡುವಾಗ, ಎದುರಾಳಿ ಕನ್ನಡಿಯಂಥ ಅದೇ ಮೂಲೆಯಲ್ಲಿ ನಿರಾಳವಾಗಿ ಕಟ್ಟುತ್ತಾನೆ. ಮಿನರಲ್‌ನಂತೆ ಕೆಲಸಗಾರರು ಹೊತ್ತು ತರುವ ಇನ್ನೊಂದು ಸಂಪತ್ತಾದ ಗ್ಯಾಸ್‌ನ ವಿಷಯವಂತೂ ಇನ್ನೂ ಸೂಕ್ಷ್ಮ. ಮೊದಲ ಸ್ಟಾರ್‌ಕ್ರಾಫ್ಟ್‌ನಲ್ಲಿ ಗ್ಯಾಸ್ ಕುಂಡ ಕೇಂದ್ರ ಕಟ್ಟಡದ ಕೆಲವು ದಿಕ್ಕುಗಳಲ್ಲಿದ್ದರೆ 3 ಕೆಲಸಗಾರರು ಸಾಕು, ಬೇರೆ ದಿಕ್ಕಿನಲ್ಲಿದ್ದರೆ ಅಷ್ಟೇ ಗ್ಯಾಸ್‌ಗೆ 4 ಜನ ಬೇಕಾಗುತ್ತಾರೆ. ಮ್ಯಾಪನ್ನು ತಿರುಗಿಸಬಹುದು, ಆಟದ ಯಂತ್ರ ಮಾತ್ರ ಅದರೊಂದಿಗೆ ತಿರುಗುವುದಿಲ್ಲ. ಆದ್ದರಿಂದ ಅನುಭವಿ ರಚನಕಾರರು ಸಮ್ಮಿತಿಯನ್ನು ಬೇಕೆಂದೇ ಮುರಿದು, ಗ್ಯಾಸ್ ಮತ್ತು ಮಿನರಲ್‌ಗಳನ್ನು ಒಂದೊಂದು ಬೇಸ್‌ನಲ್ಲೂ, ಎಂದರೆ ಆಟಗಾರ ನೆಲೆಯೂರುವ ಒಂದೊಂದು ಜಾಗದಲ್ಲೂ, ಅಲ್ಲಲ್ಲಿಗೆ ಹೊಂದಿಸಿ ಇಡುತ್ತಾರೆ. ನೋಟಕ್ಕೆ ತುಸು ಓರೆಯಾದರೂ ಫಲದಲ್ಲಿ ನೇರವಾದ ಈ ಕೆಲಸವನ್ನು ನಾನು ತುಂಬ ಗೌರವಿಸುತ್ತೇನೆ.

ನಾಲ್ಕು ಮೂಲೆಗಳ ಮ್ಯಾಪ್‌ನಲ್ಲಿ ತೊಡಕು ಇನ್ನೊಂದು ಬಗೆಯದು. ಪ್ರತಿ ಮೂಲೆಯನ್ನೂ 90 ಡಿಗ್ರಿ ತಿರುಗಿಸಿ ಮಾಡಿದ ಮ್ಯಾಪ್ ಎಂದುಕೊಳ್ಳಿ. ಎಲ್ಲರಿಗೂ ಮೂರನೇ ಬೇಸ್ ಗಡಿಯಾರದ ಮುಳ್ಳು ಸುತ್ತುವ ದಿಕ್ಕಿನಲ್ಲೇ ಇರುತ್ತದೆ. ಅಕ್ಕಪಕ್ಕದ ಮೂಲೆಗಳಲ್ಲಿ ಇಬ್ಬರು ಕುಳಿತರೆ, ಒಬ್ಬನ ಮೂರನೇ ಬೇಸ್ ಶತ್ರುವಿನ ಬಾಗಿಲಿಗೇ ಹೋಗಿ ನಿಲ್ಲುತ್ತದೆ, ಇನ್ನೊಬ್ಬನದು ಶತ್ರುವಿನಿಂದ ದೂರ ಸರಿಯುತ್ತದೆ. ಲೆಕ್ಕದ ಪುಸ್ತಕದ ಪ್ರಕಾರ ಇಲ್ಲಿ ಒಂದು ಚೂರೂ ತಪ್ಪಿಲ್ಲ. ಒಬ್ಬನೇ ಆಡಿದರೆ ನಾಲ್ಕು ಮೂಲೆಗಳೂ ನಿಜಕ್ಕೂ ಒಂದೇ. ಎದುರಾಳಿ ಬಂದು ಕುಳಿತ ಗಳಿಗೆಯಿಂದ ಅವು ಒಂದಲ್ಲ. ನ್ಯಾಯವೆಂಬುದು ನೆಲದ ಗುಣವಲ್ಲ, ಆ ನೆಲದ ಮೇಲೆ ಇಬ್ಬರ ನಡುವೆ ಏರ್ಪಡುವ ಸಂಬಂಧದ ಗುಣ. ನನ್ನ ವಾದದ ತಿರುಳು ಇದೇ.

ಗೋ ಆಟ ಆಡುವವರು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. 19 ಗೆರೆಗಳ ಹಾಸಿಗಿಂತ ಸಮವಾದ ಹಾಸು ಇನ್ನೆಲ್ಲಿದೆ? ಹಾಗಿದ್ದೂ ಮೊದಲು ಕಾಯಿ ಇಡುವ ಕಪ್ಪಿಗೆ ಮೇಲುಗೈ. ಅದನ್ನು ಸರಿದೂಗಿಸಲು ಬಿಳಿಗೆ ಕೊಡುವ ಅಂಕ ಇಂದು ಜಪಾನ್ ಮತ್ತು ಕೊರಿಯಾದಲ್ಲಿ 6.5, ಚೀನಾದಲ್ಲಿ 7.5. ಈ ಅಂಕ ಹಾಸಿನ ಆಕಾರದಿಂದ ಹುಟ್ಟಿದ್ದಲ್ಲ; ಆಡಿದ ಪಂದ್ಯಗಳ ಫಲಿತಾಂಶವನ್ನು ನೋಡುತ್ತ ನೋಡುತ್ತ ಹೆಚ್ಚಿಸಿಕೊಂಡು ಬಂದದ್ದು. ಕೊರಿಯಾದ ಸ್ಟಾರ್‌ಕ್ರಾಫ್ಟ್ ಲೀಗ್‌ಗಳು ಇದೇ ಹಾದಿ ಹಿಡಿದವು. ಯಾವ ಮ್ಯಾಪ್‌ನಲ್ಲಿ ಯಾವ ಪಡೆ ಎಷ್ಟು ಗೆದ್ದಿತು ಎಂದು ಲೆಕ್ಕವಿಟ್ಟು, ಓಲುವ ಮ್ಯಾಪನ್ನು ತಿದ್ದಿದವು ಇಲ್ಲವೇ ಕೈಬಿಟ್ಟವು. ಆಟದ ಜೊತೆಗೇ ಬಂದಿದ್ದ ಲಾಸ್ಟ್ ಟೆಂಪಲ್ ಸರಿಯಾದ ಸಮ್ಮಿತಿಯಿಲ್ಲದೆಯೂ ವರ್ಷಗಟ್ಟಲೆ ಜನಪ್ರಿಯವಾಗಿತ್ತು. ಪೈಪೋಟಿ ಬಿಗಿಯಾದಂತೆ ಅಲ್ಲಿ ಯಾವ ಜಾಗ ಸಿಕ್ಕಿತೆಂಬುದೇ ದೊಡ್ಡ ಮಾತಾಯಿತು, ಪಂದ್ಯಗಳು ಹೊಸ ಮ್ಯಾಪ್‌ಗಳತ್ತ ಹೊರಳಿದವು.

ಸಮ್ಮಿತಿ ಬೇಸರ ತರುತ್ತದೆ, ಅರ್ಧ ಮ್ಯಾಪ್ ನೋಡಿದರೆ ಉಳಿದರ್ಧ ಬಾಯಿಪಾಠವಾದಂತೆ ಎಂಬ ಆಕ್ಷೇಪವಿದೆ. ಇದನ್ನು ತಳ್ಳಿಹಾಕಲಾಗದು. 1999ರ ಏಜ್ ಆಫ್ ಎಂಪೈರ್ಸ್ 2ರ ಅರೇಬಿಯಾ ಮ್ಯಾಪ್ ಪ್ರತಿ ಪಂದ್ಯಕ್ಕೂ ಹೊಸದಾಗಿ ಹುಟ್ಟುತ್ತದೆ. ಕುರಿ, ಕಾಡುಹಂದಿ, ಹಣ್ಣಿನ ಪೊದೆ, ಚಿನ್ನ ಎಲ್ಲವೂ ಇಬ್ಬರಿಗೂ ಒಂದೇ ಪ್ರಮಾಣದಲ್ಲಿ ಸಿಗುತ್ತವೆ. ಎಲ್ಲಿ ಸಿಗುತ್ತವೆ ಎಂಬುದು ಮಾತ್ರ ಬೇರೆ. ನಿನ್ನ ಚಿನ್ನ ಊರಿನ ಮುಂದೆ ಬಯಲಲ್ಲಿ ಬಿದ್ದಿದ್ದರೆ ಗೋಡೆ ಹೇಗೆ ಕಟ್ಟುತ್ತೀಯೆ ಎಂಬುದೇ ಅಲ್ಲಿನ ಪರೀಕ್ಷೆ. ಗೊತ್ತಿಲ್ಲದ ನೆಲವನ್ನು ಓದುವ ಜಾಣ್ಮೆಯೂ ಜಾಣ್ಮೆಯೇ, ಅದನ್ನು ಅಳೆಯುವ ಆಟ ಇರಲೇಬೇಕು. ಆದರೆ ಒಂದೇ ಒಂದು ಪಂದ್ಯದಲ್ಲಿ ಅದೃಷ್ಟವನ್ನೂ ಜಾಣ್ಮೆಯನ್ನೂ ಬೇರ್ಪಡಿಸುವುದು ಸಾಧ್ಯವಿಲ್ಲ. ಅಂಥ ಮ್ಯಾಪ್ ಇಟ್ಟುಕೊಂಡ ಪಂದ್ಯಾವಳಿ ಪ್ರತಿ ಸುತ್ತಿನಲ್ಲೂ ಇಬ್ಬರಿಗೂ ಹಲವು ಪಂದ್ಯ ಆಡುವ ಅವಕಾಶ ಕೊಡಬೇಕು. ಅದಕ್ಕೆ ಸಮಯವಿಲ್ಲವೆಂದರೆ ತಿರುಗಿಸಿ ಮಾಡಿದ ಮ್ಯಾಪ್‌ಗೇ ಮರಳಬೇಕು.

ಹೊಸದಾಗಿ ಮ್ಯಾಪ್ ರಚಿಸುವವರು ಕನ್ನಡಿ ಬಿಂಬದಿಂದಲೇ ಶುರುಮಾಡಲಿ, ಅದಕ್ಕಿಂತ ಒಳ್ಳೆಯ ಆರಂಭ ನನಗಂತೂ ಗೊತ್ತಿಲ್ಲ. ಆಮೇಲೆ ಅಳತೆಗೋಲು ಬದಿಗಿಟ್ಟು ಗಡಿಯಾರ ಹಿಡಿಯಲಿ: ಈ ಬೇಸ್‌ನಿಂದ ಆ ಬೇಸ್‌ಗೆ ಸೈನಿಕ ಎಷ್ಟು ಸೆಕೆಂಡಿನಲ್ಲಿ ತಲುಪುತ್ತಾನೆ, ಒಂದು ನಿಮಿಷಕ್ಕೆ ಎಷ್ಟು ಗ್ಯಾಸ್ ಬರುತ್ತದೆ ಎಂದು ಮೂಲೆ ಮೂಲೆಯಲ್ಲೂ ನೋಡಲಿ. ಎರಡು ಕಡೆಯ ಲೆಕ್ಕ ಕೂಡದಿದ್ದರೆ, ಚಿತ್ರದ ಅಂದ ಕೆಟ್ಟರೂ ಸರಿ, ಬಂಡೆಯನ್ನು ಪಕ್ಕಕ್ಕೆ ಸರಿಸಲಿ.