ರೋಜರ್ ಬಿನ್ನಿ ಅರೆಬರೆ ಆಟಗಾರರಲ್ಲ

ಕ್ರಿಕೆಟ್‌ನ ಮಹಾನ್ ಆಲ್‌ರೌಂಡರ್‌ಗಳ ಕುರಿತ ಲೇಖನ ಓದಿದೆ. ಅದರಲ್ಲಿ ಸೋಬರ್ಸ್, ಇಮ್ರಾನ್, ಬಾಥಮ್, ಕಪಿಲ್ ಇರುವುದು ಸರಿ. ಆದರೆ ಬೆಂಗಳೂರಿನ ರೋಜರ್ ಬಿನ್ನಿಯವರನ್ನು ‘ಅರೆಬರೆ ಆಟಗಾರ’ ಎಂದು ತಳ್ಳಿಹಾಕಿದ್ದು ಅನ್ಯಾಯ.

ಟೆಸ್ಟ್ ಸರಾಸರಿಯಲ್ಲಿ ಬಿನ್ನಿ ಆ ನಾಲ್ವರಿಗೆ ಸಮರಲ್ಲ, ನಿಜ. ಸರಾಸರಿಯೊಂದೇ ಅಳತೆಗೋಲೇ? 1983ರ ವಿಶ್ವಕಪ್‌ನಲ್ಲಿ 18 ವಿಕೆಟ್ ಕಿತ್ತು ಎಲ್ಲರಿಗಿಂತ ಮುಂದಿದ್ದವರು ಅವರೇ. ಜಿಂಬಾಬ್ವೆ ಎದುರು 17 ರನ್ನಿಗೆ 5 ವಿಕೆಟ್ ಉರುಳಿದಾಗ ಕಪಿಲ್ ಜೊತೆ ನಿಂತು 60 ರನ್ ಸೇರಿಸಿದವರೂ ಅವರೇ. ಬಿನ್ನಿಯವರ ಪಾಲು ಬರೀ 22. ಆದರೆ ಆ ಆಸರೆಯಿಂದಲೇ ಕಪಿಲ್ 175ರ ಹಾದಿ ಹಿಡಿದರು. ಚಿಕ್ಕಮಗಳೂರಿನಲ್ಲಿ ಕೇರಳದ ವಿರುದ್ಧ ಆರಂಭಿಕರಾಗಿ ಅಜೇಯ 211, 1986ರಲ್ಲಿ ಲೀಡ್ಸ್‌ನಲ್ಲಿ 40ಕ್ಕೆ 5 ವಿಕೆಟ್ ಕೂಡ ಬಿನ್ನಿಯವರದೇ.

ತಂಡಕ್ಕೆ ಬೇಕಾದಾಗ ಬ್ಯಾಟು, ಚೆಂಡು ಎರಡರಲ್ಲೂ ಒದಗಿಬರುವವರೇ ಆಲ್‌ರೌಂಡರ್. ಲೇಖಕರು ತಮ್ಮ ಮಾತು ಹಿಂಪಡೆಯಲಿ.

– ಒಬ್ಬ ಓದುಗ, ಆರ್.ಟಿ. ನಗರ, ಬೆಂಗಳೂರು